ಗುಂಡಿ ಒತ್ತಿದ ಮಾತ್ರಕ್ಕೆ ಕಸುಬು ಬರೋಲ್ಲ

ಮೈಸೂರಿನ ಪೇಟೆ ಬೀದಿಗಳಲ್ಲಿ ಈಗ ಕನ್ನಡ ಅಕ್ಷರಕ್ಕೆ ಬೆಲೆ ಬಂದಿದೆ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾನೂನಿನ ಪ್ರಕಾರ ನಾಮಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿ ಇರಲೇಬೇಕು, ಅದೂ ಮೇಲ್ಭಾಗದಲ್ಲಿ. ಬಟ್ಟೆ ಅಂಗಡಿಯಿಂದ ಬೇಕರಿಯವರೆಗೆ ಎಲ್ಲರಿಗೂ ಬೋರ್ಡ್ ಬೇಕು. ಸಂತೋಷದ ಸಂಗತಿಯೇ ಸರಿ.

ಆದರೆ ಈ ಅಕ್ಷರ ಮಾಡುತ್ತಿರುವವರು ಯಾರು? ಏಣಿ ಹತ್ತಿ, ಕೈಲಿ ಬಣ್ಣದ ಡಬ್ಬ ಹಿಡಿದು, ಉಸಿರು ಬಿಗಿಹಿಡಿದು ತಲೆಕಟ್ಟು ಎಳೆಯುತ್ತಿದ್ದ ಪೇಂಟರ್ ಈಗ ಅಪರೂಪ. ಫ್ಲೆಕ್ಸ್ ಬಂದು ಅರ್ಧ ಕೆಲಸ ಕಿತ್ತುಕೊಂಡಿತು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲದ ಜೊತೆಗೆ ಫ್ಲೆಕ್ಸ್, ಬ್ಯಾನರುಗಳನ್ನೂ ನಿಷೇಧಿಸಿದ್ದು ನಿಜ. ಹಾಗಂತ ಕೆಲಸವೇನೂ ಕುಂಚಕ್ಕೆ ವಾಪಸ್ ಬರಲಿಲ್ಲ. ಉಳಿದ ಅರ್ಧ ಎರಡು ಯಂತ್ರಗಳ ಪಾಲಾಯಿತು. ಒಂದು ವಿನೈಲ್ ಕಟರ್, ಇನ್ನೊಂದು ಲೇಸರ್ ಕಟರ್.

ಈ ಎರಡೂ ಯಂತ್ರ ಈಗ ತಾಲ್ಲೂಕು ಪೇಟೆಗಳಿಗೂ ಬಂದಿವೆ. ಮಾರುವವನು ಬಂದು ಒಂದು ಮಧ್ಯಾಹ್ನ ತೋರಿಸಿ ಹೋಗುತ್ತಾನೆ. ಮಾರನೇ ದಿನದಿಂದ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನೊಬ್ಬ ‘ಆಪರೇಟರ್’. ಕಲಿತದ್ದು ಎಷ್ಟು? ಯಾವ ಗುಂಡಿ ಒತ್ತಿದರೆ ಏನಾಗುತ್ತೆ ಅನ್ನೋದಷ್ಟೇ. ಯಾವ ಹಾಳೆ ಯಾವ ಯಂತ್ರಕ್ಕೆ ಹಾಕಬಾರದು, ಹಾಕಿದರೆ ಅವನ ಶ್ವಾಸಕೋಶಕ್ಕೆ ಏನಾಗುತ್ತೆ ಅನ್ನೋದನ್ನ ಹೇಳಿಕೊಟ್ಟವರು ಯಾರೂ ಇಲ್ಲ.

ಇದನ್ನು ಸರಿಯಾಗಿ ಹೇಳಿಕೊಡುವ ಜಾಗಕ್ಕೆ ಮೇಕರ್‌ಸ್ಪೇಸ್ ಅಂತ ಹೆಸರು. ಹೆಸರು ಇಂಗ್ಲಿಷಿನದು, ಆದರೆ ಪದ್ಧತಿ ಮೈಸೂರಿಗರಿಗೆ ಹೊಸದಲ್ಲ.

ಯಂತ್ರಗಳ ಗರಡಿಮನೆ

ಗರಡಿಮನೆ ಇದ್ದ ಹಾಗೆ ಅಂದುಕೊಳ್ಳಿ. ಗದೆ, ಡಂಬೆಲ್ಸು ಒಬ್ಬೊಬ್ಬರ ಮನೇಲೂ ಇರೋಲ್ಲ. ಕೇರಿಗೆ ಒಂದು ಗರಡಿ. ಬೇಕಾದವರು ಬಂದು ಸಾಮು ಮಾಡಬಹುದು, ಆದರೆ ಉಸ್ತಾದ್ ಹೇಳಿದ ನಿಯಮಕ್ಕೆ ತಲೆಬಾಗಬೇಕು. ಮೊದಲ ದಿನವೇ ಪಟ್ಟು ಹೇಳಿಕೊಡೋಲ್ಲ, ಮಣ್ಣು ಹದ ಮಾಡಿಸ್ತಾರೆ. ಮೇಕರ್‌ಸ್ಪೇಸ್ ಕೂಡ ಅಷ್ಟೇ. ಒಬ್ಬರ ಕೈಲಿ ಕೊಳ್ಳಲಾಗದ ಯಂತ್ರಗಳನ್ನು ಒಂದು ಸೂರಿನಡಿ ಇಟ್ಟು, ಕಲಿತವರು ಕಲಿಯುವವರಿಗೆ ಹೇಳಿಕೊಡುವ ಜಾಗ. ತರಬೇತಿ ಮುಗಿಸಿ, ಉಸ್ತಾದರ ಮುಂದೆ ಒಂದು ಸಲ ಮಾಡಿ ತೋರಿಸಿದ ಮೇಲಷ್ಟೇ ಯಂತ್ರ ಒಬ್ಬರ ಕೈಗೆ.

ಇದರ ಮೂಲ ಹುಡುಕಿದರೆ 1998ಕ್ಕೆ ಹೋಗಬೇಕು. ಅಮೆರಿಕದ ಎಂಐಟಿಯಲ್ಲಿ ನೀಲ್ ಗರ್ಶನ್‌ಫೆಲ್ಡ್ ಎಂಬ ಪ್ರಾಧ್ಯಾಪಕರು ‘ಹೆಚ್ಚುಕಡಿಮೆ ಏನನ್ನಾದರೂ ಮಾಡುವುದು ಹೇಗೆ’ ಎಂಬ ಹೆಸರಿನ ತರಗತಿ ಶುರು ಮಾಡಿದರು. ಹತ್ತು ಜನಕ್ಕೆ ಜಾಗ ಇತ್ತು, ಬಂದವರು ನೂರರಷ್ಟು. ಅದರಿಂದ ಹುಟ್ಟಿದ್ದು ಫ್ಯಾಬ್ ಲ್ಯಾಬ್ ಅನ್ನೋ ಕಲ್ಪನೆ. ಜಗತ್ತಿನಾದ್ಯಂತ ಒಂದೇ ತರಹದ ಯಂತ್ರಗಳು, ಬಾಗಿಲು ಊರವರಿಗೆ ತೆರೆದಿರಬೇಕು ಅನ್ನೋದು ಕರಾರು.

ಎಂಐಟಿ ಆವರಣದ ಹೊರಗೆ ಬಂದ ಮೊದಮೊದಲ ಫ್ಯಾಬ್ ಲ್ಯಾಬ್‌ಗಳಲ್ಲಿ ಒಂದು ಎಲ್ಲಿ ಶುರುವಾಯಿತು ಗೊತ್ತೇ? ನ್ಯೂಯಾರ್ಕೂ ಅಲ್ಲ, ಲಂಡನ್ನೂ ಅಲ್ಲ. ಪುಣೆ ಜಿಲ್ಲೆಯ ಪಾಬಳ ಎಂಬ ಮಳೆ ಕಡಿಮೆಯ ಹಳ್ಳಿಯಲ್ಲಿ, 2002ರಲ್ಲಿ. ಡಾ. ಶ್ರೀನಾಥ ಕಲಬಾಗ್ ಎಂಬ ವಿಜ್ಞಾನಿ ಕಂಪನಿ ಕೆಲಸ ಬಿಟ್ಟು 1983ರಲ್ಲಿ ಕಟ್ಟಿದ ವಿಜ್ಞಾನ ಆಶ್ರಮ ಅಲ್ಲಿದೆ. ಶಾಲೆ ಬಿಟ್ಟ ಹಳ್ಳಿ ಮಕ್ಕಳು ಕೈಯಿಂದ ಕೆಲಸ ಮಾಡುತ್ತಲೇ ಕಲಿಯಬೇಕು ಅನ್ನೋದು ಅವರ ಹಟ. ಪುಸ್ತಕ ಕಂಡರೆ ಓಡುವ ಹುಡುಗ ಬೆಸುಗೆ ಹಾಕುವಾಗ ತಾನಾಗಿ ಲೆಕ್ಕ ಕೇಳ್ತಾನೆ ಅನ್ನೋ ನಂಬಿಕೆಯ ಜಾಗ ಅದು.

ಅದೇ ಪುಣೆ ಜಿಲ್ಲೆಗೆ ಇನ್ನೊಂದು ಹೆಮ್ಮೆಯೂ ಇದೆ. ಇಂದು ಅಂಗಡಿಗಳಲ್ಲಿ ಮರ, ಅಕ್ರಿಲಿಕ್ ಕತ್ತರಿಸುವ ಯಂತ್ರದ ಹೊಟ್ಟೆಯೊಳಗೆ ಇರೋದು ಬಹುಪಾಲು ಕಾರ್ಬನ್ ಡೈ ಆಕ್ಸೈಡ್ ಲೇಸರ್. ಅದನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದವರು ಸಿ. ಕುಮಾರ್ ಪಟೇಲ್. ಹುಟ್ಟಿದ್ದು ಬಾರಾಮತಿಯಲ್ಲಿ, ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. ಈ ಯಂತ್ರ ಪರದೇಶದ್ದು, ನಮ್ಮ ತಲೆಗೆ ಹತ್ತೋದಲ್ಲ ಅಂತ ಕೈಚೆಲ್ಲುವವರು ಇದನ್ನು ನೆನಪಿಡಬೇಕು.

ಚಾಕುವಿನ ಯಂತ್ರ

ಮೊದಲು ವಿನೈಲ್ ಕಟರ್. ನೋಡೋಕೆ ಪ್ರಿಂಟರ್ ತರಹ. ಶಾಯಿಯ ಬದಲು ಒಂದು ಪುಟ್ಟ ಚಾಕು. ಅಂಟಿರುವ ಬಣ್ಣದ ಹಾಳೆಯ ಮೇಲೆ ಆ ಚಾಕು ಓಡುತ್ತೆ, ಹಾಳೆ ಹಿಂದೆ ಮುಂದೆ ಸರಿಯುತ್ತೆ, ಅಕ್ಷರದ ಅಂಚು ಕತ್ತರಿಸಿ ಬರುತ್ತೆ. 1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಗರ್ಬರ್ ಕಂಪನಿ ಬೋರ್ಡ್ ಅಂಗಡಿಗಳಿಗೆಂದೇ ಇಂಥ ಕಂಪ್ಯೂಟರ್ ಯಂತ್ರ ತಂದಾಗ ಅಲ್ಲಿನ ಪೇಂಟರುಗಳ ಬದುಕೂ ಅಲ್ಲಾಡಿಹೋಯಿತು. ಇಲ್ಲಿ ಆದದ್ದು ಅದರದೇ ಮರಿ.

ಕಲಿಯುವವರು ಮೊದಲು ತಪ್ಪುವುದು ಚಾಕುವಿನ ಆಳದಲ್ಲಿ. ವಿನೈಲ್ ಹಾಳೆಯಲ್ಲಿ ಮೇಲೆ ಬಣ್ಣದ ಪದರ, ಕೆಳಗೆ ಅಂಟು, ಅದರಡಿ ಮೇಣ ಸವರಿದಂಥ ಕಾಗದ. ಚಾಕು ಬಣ್ಣದ ಪದರವನ್ನು ಪೂರಾ ಕತ್ತರಿಸಬೇಕು, ಕಾಗದವನ್ನು ಬರೀ ಸವರಬೇಕು. ಕಾಗದವೂ ತುಂಡಾದರೆ ಕೆಲಸ ಕೆಟ್ಟಿತು, ಚಾಕುವೂ ಮೊಂಡಾಯಿತು. ಬಣ್ಣದ ಪದರದ ದಪ್ಪ ಎಷ್ಟು? ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇಲ್ಲ. ಆದ್ದರಿಂದಲೇ ಎಷ್ಟೇ ಅನುಭವಿ ಆದರೂ ದೊಡ್ಡ ಕೆಲಸಕ್ಕೆ ಮುಂಚೆ ಮೂಲೆಯಲ್ಲಿ ಒಂದು ಪುಟ್ಟ ಚೌಕ ಕತ್ತರಿಸಿ, ಉಗುರಿನಿಂದ ಎಬ್ಬಿಸಿ ನೋಡ್ತಾನೆ. ಅನ್ನ ಬೆಂದಿದೆಯೋ ಇಲ್ಲವೋ ಅಂತ ಒಂದು ಅಗುಳು ಹಿಚುಕಿ ನೋಡಿದ ಹಾಗೆ.

ಯಂತ್ರದ ಕೆಲಸ ಅಲ್ಲಿಗೆ ಮುಗೀತು. ಆಮೇಲಿನದ್ದು ಕೈ ಕೆಲಸ. ಅಕ್ಷರ ಬಿಟ್ಟು ಸುತ್ತಲಿನ ಬೇಡದ ಹಾಳೆ ತೆಗೆಯಬೇಕು. ಇದಕ್ಕೆ ಇಂಗ್ಲಿಷಿನವರು ಇಟ್ಟ ಹೆಸರೂ, ನಮ್ಮ ರೈತರು ಗದ್ದೆಯಲ್ಲಿ ಮಾಡುವ ಕೆಲಸದ ಹೆಸರೂ ಒಂದೇ: ಕಳೆ ಕೀಳುವುದು. ಅವಸರ ಮಾಡಿದರೆ ಕಳೆ ಜೊತೆ ಪೈರೂ ಬರುತ್ತೆ. ಹಾಳೆಯನ್ನು ನೆಟ್ಟಗೆ ಮೇಲಕ್ಕೆ ಎಳೆಯದೆ, ಅದರ ಮೇಲೇ ಮಡಚಿ ಓರೆಯಾಗಿ ನಿಧಾನಕ್ಕೆ ಎಳೆಯಬೇಕು. ಒಳಗಿನ ಚೂರುಗಳಿಗೆ ಸೂಜಿಯೋ ಚಿಮಟವೋ ಬೇಕು. ನಂತರ ಮೇಲೆ ಇನ್ನೊಂದು ಅಂಟುಟೇಪು ಹಾಸಿ, ಅಕ್ಷರಗಳನ್ನೆಲ್ಲ ಒಟ್ಟಿಗೆ ಎತ್ತಿ, ಗಾಜಿನ ಮೇಲೆ ಕೂರಿಸಿ, ಗಾಳಿಗುಳ್ಳೆ ಏಳದಂತೆ ನಡುವಿನಿಂದ ಅಂಚಿಗೆ ಒತ್ತಬೇಕು. ಗಾಜಿನ ಒಳಬದಿಯಿಂದ ಅಂಟಿಸೋದಾದರೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕತ್ತರಿಸಬೇಕು. ಇದನ್ನು ಮರೆತು ಇಡೀ ಬೋರ್ಡು ಹಾಳು ಮಾಡದ ಕಲಿಕಾರ್ಥಿ ಸಿಗೋದು ಕಷ್ಟ.

ಒತ್ತಕ್ಷರದ ಒದ್ದಾಟ

ಇಲ್ಲಿಗೆ ಬಂದಾಗಲೇ ಕನ್ನಡದ ಪಾಠ ಶುರುವಾಗೋದು. ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತ ಸಿಪಾಯಿಗಳು. ಕನ್ನಡದ್ದು ಕೂಡು ಕುಟುಂಬ. ಮೇಲೆ ತಲೆಕಟ್ಟು, ಗುಡಿಸು, ಪಕ್ಕದಲ್ಲಿ ಕೊಂಬು, ದೀರ್ಘ, ಕೆಳಗೆ ಒತ್ತಕ್ಷರ. ‘ವಸ್ತ್ರಾಲಯ’ ಅನ್ನೋ ಒಂದು ಪದ ತೆಗೆದುಕೊಳ್ಳಿ. ಸಕಾರ, ಅದರಡಿ ತಕಾರದ ಒತ್ತು, ಅದಕ್ಕೊಂದು ರಕಾರದ ಒತ್ತು. ಬಟ್ಟೆ ಅಂಗಡಿ ಇರುವ ಊರಲ್ಲೆಲ್ಲ ಈ ಪದ ಬೋರ್ಡ್ ಮೇಲೆ ಇದ್ದೇ ಇರುತ್ತೆ.

ಕಂಪ್ಯೂಟರಿನ ಫಾಂಟಿನಲ್ಲಿ ಇವೆಲ್ಲ ಎಷ್ಟೋ ಸಲ ಬೇರೆ ಬೇರೆ ತುಂಡುಗಳು, ಒಂದರ ಮೇಲೊಂದು ಅಂಟಿಕೊಂಡು ಒಂದೇ ಅಕ್ಷರದಂತೆ ಕಾಣ್ತವೆ. ಕಾಗದದ ಮೇಲೆ ಅಚ್ಚು ಹಾಕಿದರೆ ತೊಂದರೆ ಇಲ್ಲ, ಕಪ್ಪಿನ ಮೇಲೆ ಕಪ್ಪು. ಆದರೆ ಚಾಕು ಕುರುಡು. ತುಂಡುಗಳು ಒಂದರ ಮೇಲೊಂದು ಬಿದ್ದ ಕಡೆಯಲ್ಲೂ ಅಂಚು ಇದೆ ಅಂದುಕೊಂಡು ಕೊಯ್ದುಬಿಡುತ್ತೆ. ಕಳೆ ಕೀಳುವಾಗ ದೀರ್ಘ ಒಂದು ಕಡೆ, ಅಕ್ಷರ ಒಂದು ಕಡೆ. ಇದಕ್ಕೆ ಮದ್ದು ಸುಲಭ. ಬರಹವನ್ನು ಮೊದಲು ಗೆರೆಗಳಾಗಿ ಬದಲಾಯಿಸಬೇಕು, ಆಮೇಲೆ ತುಂಡುಗಳನ್ನು ಬೆಸೆದು ಒಂದೇ ಹೊರಗೆರೆ ಮಾಡಬೇಕು. ಇಂಕ್‌ಸ್ಕೇಪ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ‘ಆಬ್ಜೆಕ್ಟ್ ಟು ಪಾತ್’, ‘ಯೂನಿಯನ್’ ಅನ್ನೋ ಎರಡು ಹುಕುಂ ಸಾಕು. ಎರಡು ನಿಮಿಷದ ಈ ಪಾಠ ಗೊತ್ತಿಲ್ಲದೆ ಹಾಳಾದ ಹಾಳೆಗೆ ಲೆಕ್ಕ ಇಟ್ಟವರಿಲ್ಲ.

ಇನ್ನೊಂದು ಕಾಟ ಹಳೇ ಫಾಂಟುಗಳದ್ದು. ಹಳೇ ಪದ್ಧತಿಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಒಯ್ದರೆ ಕನ್ನಡ ಹೋಗಿ ಇಂಗ್ಲಿಷಿನ ಚಿತ್ರವಿಚಿತ್ರ ಗುರುತುಗಳು ಬರ್ತವೆ. ಯೂನಿಕೋಡಿನಲ್ಲೇ ಬರೆಯಿರಿ, ಗೆರೆಗಳಾಗಿ ಬದಲಾಯಿಸಿದ ಮೇಲೆ ಯಂತ್ರಕ್ಕೆ ಒಯ್ಯಿರಿ ಅನ್ನೋದು ಇದಕ್ಕಿರುವ ನಿಯಮ. ಬೋರ್ಡಿಗೆ ತಕ್ಕ ದಪ್ಪ ಅಕ್ಷರಗಳೂ ಈಗ ಪುಕ್ಕಟೆ ಸಿಗುತ್ತವೆ, ‘ಬಾಲೂ ತಮ್ಮ’ ಅಂಥದ್ದೊಂದು.

ಬೆಳಕಿನ ಯಂತ್ರ

ಇನ್ನು ಲೇಸರ್. ಇಲ್ಲಿ ಚಾಕು ಇಲ್ಲ, ಬೆಳಕೇ ಚಾಕು. ಗಾಜಿನ ಉದ್ದ ಕೊಳವೆಯಲ್ಲಿ ಕಾರ್ಬನ್ ಡೈ ಆಕ್ಸೈಡ್, ನೈಟ್ರೋಜನ್, ಹೀಲಿಯಂ ಅನಿಲಗಳ ಮಿಶ್ರಣ. ಅದಕ್ಕೆ ಹತ್ತು ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ ಹರಿಸಿದರೆ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಹೊಮ್ಮುತ್ತೆ. ಕನ್ನಡಿಗಳ ಮೇಲೆ ಪುಟಿದು, ಮಸೂರದಲ್ಲಿ ಒಂದು ಚುಕ್ಕಿಗೆ ಇಳಿದು, ಬಿದ್ದ ಕಡೆ ಮರವನ್ನು ಸುಡುತ್ತೆ, ಅಕ್ರಿಲಿಕ್ಕನ್ನು ಆವಿ ಮಾಡುತ್ತೆ. ಚಿಕ್ಕಂದಿನಲ್ಲಿ ಭೂತಗನ್ನಡಿ ಹಿಡಿದು ಬಿಸಿಲಲ್ಲಿ ಕಾಗದ ಸುಟ್ಟವರಿಗೆ ಇದರ ಮರ್ಮ ಹೇಳಬೇಕಾಗಿಲ್ಲ.

ಭೂತಗನ್ನಡಿಯಂತೆಯೇ ಇಲ್ಲೂ ಎತ್ತರವೇ ಮುಖ್ಯ. ಮಸೂರ ಮತ್ತು ಹಲಗೆ ನಡುವಿನ ದೂರ ಸರಿ ಇದ್ದರೆ ಚುಕ್ಕಿ ಚೂಪು, ಇಲ್ಲದಿದ್ದರೆ ಹಲಗೆ ಕಪ್ಪಾಗುತ್ತೆ ಹೊರತು ಕತ್ತರಿಸೋಲ್ಲ. ಮುಂದಿನದ್ದು ಶಕ್ತಿ ಮತ್ತು ವೇಗದ ಹೊಂದಾಣಿಕೆ. ಶಕ್ತಿ ಜಾಸ್ತಿ, ವೇಗ ಕಡಿಮೆ ಆದರೆ ಸುಟ್ಟು ಕರಕಲು. ಶಕ್ತಿ ಕಡಿಮೆ, ವೇಗ ಜಾಸ್ತಿ ಆದರೆ ಬರೀ ಗೀರು. ಒಳ್ಳೆಯ ಮೇಕರ್‌ಸ್ಪೇಸಿನಲ್ಲಿ ಯಂತ್ರದ ಪಕ್ಕ ಒಂದು ಲೆಕ್ಕದ ಪುಸ್ತಕ ನೇತಾಡುತ್ತಿರುತ್ತೆ. 3 ಮಿ.ಮೀ. ಅಕ್ರಿಲಿಕ್ಕಿಗೆ ಎಷ್ಟು, ಎಂಡಿಎಫ್‌ಗೆ ಎಷ್ಟು, ಕಾರ್ಡ್‌ಬೋರ್ಡಿಗೆ ಎಷ್ಟು ಅಂತ ಹಿಂದಿನವರು ಬರೆದಿಟ್ಟಿರುತ್ತಾರೆ. ಆದರೆ ಕೊಳವೆ ಹಳತಾದಂತೆ ಶಕ್ತಿ ಕುಂದುತ್ತೆ. ಹಾಗಾಗಿ ಚೂರು ಹಲಗೆಯ ಮೇಲೆ ಪರೀಕ್ಷೆ ಮಾಡದೆ ಯಾರೂ ಕೆಲಸ ಶುರು ಮಾಡಬಾರದು.

ಕತ್ತರಿಸಲಿಕ್ಕೂ ಒಂದು ಕ್ರಮ ಉಂಟು. ಮೊದಲು ಕೆತ್ತನೆ, ಆಮೇಲೆ ಒಳಗಿನ ತೂತುಗಳು, ಕಟ್ಟಕಡೆಗೆ ಹೊರಗೆರೆ. ಯಾಕೆ? ಹೊರಗೆರೆ ಮೊದಲೇ ಕತ್ತರಿಸಿದರೆ ತುಂಡು ಕೆಳಕ್ಕೆ ಕುಸಿದು ಒಂದು ಕೂದಲೆಳೆ ಸರಿದಿರುತ್ತೆ, ಒಳಗಿನ ತೂತು ಓರೆಯಾಗುತ್ತೆ.

ಬೆಳಕಿಗೂ ದಪ್ಪ ಇದೆ ಅನ್ನೋದು ಇನ್ನೊಂದು ಪಾಠ. ಗರಗಸ ಮರದ ಹೊಟ್ಟು ಉದುರಿಸುವಂತೆ ಲೇಸರ್ ಕೂಡ ಮಿಲಿಮೀಟರಿನ ಹತ್ತನೇ ಒಂದೋ ಎರಡೋ ಭಾಗವನ್ನು ತಿಂದುಹಾಕುತ್ತೆ. ಬೋರ್ಡಿನ ಅಕ್ಷರಕ್ಕೆ ಇದು ಲೆಕ್ಕಕ್ಕಿಲ್ಲ. ಆದರೆ ಮೊಳೆ, ಅಂಟು ಇಲ್ಲದೆ ಸಿಕ್ಕಿಸಿ ಮಾಡುವ ಪೆಟ್ಟಿಗೆಗೆ, ಒಂದು ಮರದೊಳಗೆ ಇನ್ನೊಂದು ಮರ ಕೂರಿಸುವ ಕೆಲಸಕ್ಕೆ ಇದೇ ಸರ್ವಸ್ವ. ಬೀಟೆ ಮರದ ಕುಸುರಿಗೆ ಹೆಸರಾದ ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ? ತುಂಡು ಸಡಿಲವಾದರೆ ಚಿತ್ರವೇ ಬಿದ್ದುಹೋಗುತ್ತೆ. ಜೊತೆಗೆ ಅಂಗಡಿಯವನು 3 ಮಿ.ಮೀ. ಅಂತ ಕೊಟ್ಟ ಪ್ಲೈವುಡ್ ಅಳೆದು ನೋಡಿದರೆ ಎಷ್ಟೋ ಸಲ 3 ಇರೋದೇ ಇಲ್ಲ. ಅದಕ್ಕೇ ವರ್ನಿಯರ್ ಕ್ಯಾಲಿಪರ್ ಹಿಡಿಯೋಕೆ ಬಾರದವನಿಗೆ ಲೇಸರ್ ಮುಟ್ಟೋ ಹಕ್ಕಿಲ್ಲ ಅಂತಾರೆ ಕಲಿಸುವವರು. ಫ್ಯಾಬ್ ಲ್ಯಾಬ್‌ಗಳ ಜಾಲ ನಡೆಸುವ ಫ್ಯಾಬ್ ಅಕಾಡೆಮಿಯ ಪಾಠದಲ್ಲೂ ಮೊದಲ ಕೆಲವು ವಾರಗಳಲ್ಲೇ ಈ ಎರಡು ಯಂತ್ರ ಬರುತ್ತವೆ. ವಿದ್ಯಾರ್ಥಿಗಳು ಗುಂಪಾಗಿ ಕೂತು ತಮ್ಮ ಲೇಸರಿನ ಶಕ್ತಿ, ವೇಗ, ಅದು ತಿನ್ನುವ ದಪ್ಪ ಎಲ್ಲವನ್ನೂ ಅಳೆದು ಬರೆಯಬೇಕು. ಅಂದದ ವಸ್ತು ಮಾಡೋದು ಆಮೇಲೆ, ಅಳತೆ ಮೊದಲು.

ಎಲ್ಲಕ್ಕಿಂತ ಮೇಲಿನ ನಿಯಮ: ಲೇಸರ್ ಓಡುವಾಗ ಜಾಗ ಬಿಟ್ಟು ಕದಲಬಾರದು. ಒಲೆ ಮೇಲೆ ಹಾಲಿಟ್ಟು ಪಕ್ಕದ ಮನೆಗೆ ಹರಟೆಗೆ ಹೋದ ಹಾಗಾಗುತ್ತೆ. ಹಾಲಾದರೆ ಉಕ್ಕುತ್ತೆ ಅಷ್ಟೇ, ಇದು ಹೊತ್ತಿ ಉರಿಯುತ್ತೆ. ಗಾಳಿ ಊದುವ ಪಂಪು ಕೆಟ್ಟರೆ ಅಕ್ರಿಲಿಕ್ ದೀಪದ ಬತ್ತಿಯಂತೆ ಹತ್ತಿಕೊಳ್ಳುತ್ತೆ. ಕೈಗೆಟುಕುವಲ್ಲಿ ಕಾರ್ಬನ್ ಡೈ ಆಕ್ಸೈಡಿನ ಅಗ್ನಿಶಾಮಕ ಇರಬೇಕು. ಪುಡಿ ಚಿಮ್ಮುವ ನಮೂನೆ ಬೆಂಕಿ ಆರಿಸುತ್ತೆ ನಿಜ, ಜೊತೆಗೆ ಕನ್ನಡಿ ಮಸೂರಗಳನ್ನೂ ಕೆಡಿಸುತ್ತೆ.

ಮುಚ್ಚಳ ತೆಗೆದರೆ ಬೆಳಕು ನಿಲ್ಲುವಂತೆ ಯಂತ್ರದಲ್ಲಿ ಒಂದು ಸ್ವಿಚ್ ಇರುತ್ತೆ. ಕೆಲಸ ಬೇಗ ಆಗಲಿ ಅಂತ ಅದಕ್ಕೆ ಟೇಪು ಸುತ್ತಿ ಯಾಮಾರಿಸುವ ಬುದ್ಧಿವಂತರಿದ್ದಾರೆ. ಅವರು ಯಾಮಾರಿಸುತ್ತಿರುವುದು ತಮ್ಮ ಕಣ್ಣನ್ನೇ. ಈಚೆಗೆ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ನೀಲಿ ಬೆಳಕಿನ ಪುಟ್ಟ ಲೇಸರುಗಳಲ್ಲಿ ಕೆಲವಕ್ಕೆ ಮುಚ್ಚಳವೇ ಇರೋಲ್ಲ. ಆ ಬೆಳಕು ನೇರ ಕಣ್ಣಿನ ಒಳಪರದೆಗೆ ಹೋಗುತ್ತೆ. ಅದಕ್ಕೆಂದೇ ಮಾಡಿದ ಕನ್ನಡಕ ಹಾಕದೆ ಹತ್ತಿರ ಸುಳಿಯಬಾರದು. ಒಂದು ಬಗೆಯ ಲೇಸರಿಗೆ ಮಾಡಿದ ಕನ್ನಡಕ ಇನ್ನೊಂದು ಬಗೆಯದಕ್ಕೆ ಉಪಯೋಗಕ್ಕೆ ಬಾರದು.

ವಿಷ ಕಕ್ಕುವ ಹಾಳೆ

ಈಗ ಬಂತು ನಿಜವಾದ ಗಂಡಾಂತರ. ಒಂದೇ ಅಂಗಡಿಯಲ್ಲಿ ಎರಡೂ ಯಂತ್ರ ಅಕ್ಕಪಕ್ಕ ಇರ್ತವೆ. ಚಾಕುವಿನ ಯಂತ್ರಕ್ಕೆ ಹಾಕುವ ವಿನೈಲ್ ಹಾಳೆಯನ್ನು ಲೇಸರಿಗೂ ಹಾಕಿದರೆ ಏನು ತಪ್ಪು ಅಂತ ಹುಡುಗರಿಗೆ ಅನಿಸೋದು ಸಹಜ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ.

ವಿನೈಲ್ ಅಂದರೆ ಪಿವಿಸಿ. ಅದರಲ್ಲಿ ಕ್ಲೋರಿನ್ ಅಡಗಿದೆ. ಚಾಕು ತಾಗಿದರೆ ತೊಂದರೆ ಇಲ್ಲ. ಲೇಸರಿನ ಕಾವು ತಾಗಿದ ಕೂಡಲೇ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊಮ್ಮುತ್ತೆ. ಗಾಳಿಯ ತೇವ ಸೇರಿದರೆ ಅದೇ ಹೈಡ್ರೋಕ್ಲೋರಿಕ್ ಆಮ್ಲ. ಮೂಗು, ಗಂಟಲು, ಶ್ವಾಸಕೋಶ ಸುಡುತ್ತೆ. ಯಂತ್ರದ ಉಕ್ಕಿನ ಕಂಬಿಗೆ ತುಕ್ಕು ಹಿಡಿಯುತ್ತೆ, ಮಸೂರ ಮಬ್ಬಾಗುತ್ತೆ. ಲಕ್ಷಾಂತರ ರೂಪಾಯಿಯ ಯಂತ್ರ ಕಣ್ಣೆದುರೇ ಕೊಳೆತು ಹೋಗುತ್ತೆ. ಯಂತ್ರ ಹೋದರೆ ಇನ್ನೊಂದು ತರಬಹುದು. ಷಟರ್ ಅರ್ಧ ಎಳೆದ ಅಂಗಡಿಯೊಳಗೆ ಹೊಗೆ ಕುಡಿಯುತ್ತ ನಿಂತ ಹುಡುಗನ ಎದೆಗೂಡನ್ನು ಎಲ್ಲಿಂದ ತರೋದು?

ವಿನೈಲ್ ಅಂತ ಹೆಸರು ಬರೆದುಕೊಂಡು ಬಂದರೆ ಗುರುತಿಸಬಹುದು. ಕಳ್ಳ ಬರೋದು ಬೇರೆ ವೇಷದಲ್ಲಿ. ಬೋರ್ಡ್ ಅಂಗಡಿಗಳಲ್ಲಿ ಸನ್‌ಬೋರ್ಡ್ ಅಂತ ಕರೆಯುವ ಬಿಳಿ ಫೋಮ್ ಹಾಳೆ ಬಹುಪಾಲು ಪಿವಿಸಿ. ಫ್ಲೆಕ್ಸ್ ಪಿವಿಸಿ ಬಳಿದ ಬಟ್ಟೆ. ಸೋಫಾ, ಚೀಲಕ್ಕೆ ಬಳಸುವ ರೆಕ್ಸಿನ್ ಸಾಮಾನ್ಯವಾಗಿ ಪಿವಿಸಿಯದೇ. ನೋಡೋಕೆ ಚರ್ಮ, ಒಳಗೆ ವಿಷ. ಅಸಲಿ ಚರ್ಮದಲ್ಲೂ ಕ್ರೋಮಿಯಂ ಹಾಕಿ ಹದ ಮಾಡಿದ್ದನ್ನು ದೂರ ಇಡಬೇಕು.

ಗುರುತು ಹಿಡಿಯಲು ಹಳೇ ಕಾಲದ ಒಂದು ಪರೀಕ್ಷೆ ಇದೆ. ಬೈಲ್‌ಸ್ಟೈನ್ ಎಂಬ ರಸಾಯನ ವಿಜ್ಞಾನಿ 19ನೇ ಶತಮಾನದಲ್ಲಿ ಕಂಡುಕೊಂಡದ್ದು. ಒಂದು ತಾಮ್ರದ ತಂತಿಯನ್ನು ಜ್ವಾಲೆಯಲ್ಲಿ ಬಣ್ಣ ಬಾರದವರೆಗೂ ಕೆಂಪಗೆ ಕಾಯಿಸಿ, ಅನುಮಾನದ ಹಾಳೆಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿಯಬೇಕು. ಜ್ವಾಲೆ ಹಚ್ಚ ಹಸಿರಾದರೆ ಕ್ಲೋರಿನ್ನೋ ಅದರ ದಾಯಾದಿಯೋ ಇದೆ ಅಂತ ಅರ್ಥ. ಆ ಹಾಳೆ ಲೇಸರಿಗೆ ಬೇಡವೇ ಬೇಡ. ಪರೀಕ್ಷೆ ಮಾಡುವಾಗ ಗಾಳಿ ಆಡುವ ಜಾಗ ಇರಲಿ, ಚೂರು ಉಗುರಿನಷ್ಟಿರಲಿ. ಒಂದು ತಾಮ್ರದ ತಂತಿಗೆ ಎಷ್ಟು ಖರ್ಚು? ಯಂತ್ರ ಮಾರುವವನು ಇದನ್ನು ಹೇಳಿಕೊಡೋಲ್ಲ, ಮೇಕರ್‌ಸ್ಪೇಸಿನ ಉಸ್ತಾದ್ ಮೊದಲ ದಿನವೇ ಹೇಳಿಕೊಡ್ತಾನೆ. ವ್ಯತ್ಯಾಸ ಇರೋದು ಇಲ್ಲೇ.

ಹೊಗೆ ಎಲ್ಲಿಗೆ ಹೋಗುತ್ತೆ ಅನ್ನೋದೂ ಊರಿನ ಪ್ರಶ್ನೆಯೇ. ಎಂಡಿಎಫ್ ಸುಟ್ಟರೆ ಅದರೊಳಗಿನ ಅಂಟಿನ ಹೊಗೆ ಬರುತ್ತೆ. ಕೊಳವೆ ಕಟ್ಟಿ ಚಾವಣಿಯ ಮೇಲಕ್ಕೆ ಬಿಡದೆ, ಹಿಂದಿನ ಓಣಿಗೆ ಫ್ಯಾನ್ ತಿರುಗಿಸಿದರೆ ಕುಡಿಯಬೇಕಾದವರು ಓಣಿಯ ಮಕ್ಕಳು. ವ್ಯಾಪಾರ ಪರವಾನಗಿ ಕೊಡುವವರು ಯಂತ್ರದ ಮುಂದೆ ನಿಂತು ಈ ಒಂದು ಪ್ರಶ್ನೆ ಕೇಳಿದರೂ ಸಾಕು.

ಪೇಂಟರನ್ನೂ ಕರೆಯಿರಿ

ಯಂತ್ರ ಬಂತು, ಪೇಂಟರ್ ಹೋದ ಅಂತ ಕಥೆ ಮುಗಿಸಿಬಿಡೋದು ಸುಲಭ. ಆದರೆ ಅಂಗಡಿಗಳ ಮೇಲಿನ ಎಷ್ಟೋ ಹೊಸ ಬೋರ್ಡುಗಳನ್ನು ಒಮ್ಮೆ ತಲೆಯೆತ್ತಿ ನೋಡಿ. ಒತ್ತಕ್ಷರ ಕೆಳಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆದಿರುತ್ತೆ. ಅಗಲ ಸಾಲದೆ ಅಕ್ಷರಗಳನ್ನು ಅಕ್ಕಪಕ್ಕದಿಂದ ಹಿಚುಕಿರುತ್ತಾರೆ. ಯಂತ್ರದ ತಪ್ಪಲ್ಲ, ಕನ್ನಡ ಅಕ್ಷರದ ಹದ ಗೊತ್ತಿಲ್ಲದವನ ಕೈಗೆ ಯಂತ್ರ ಸಿಕ್ಕಿದ್ದರ ಫಲ.

ಆ ಹದ ಗೊತ್ತಿದ್ದದ್ದು ಪೇಂಟರಿಗೆ. ಸೀಮೆಸುಣ್ಣದ ಪುಡಿ ಹಚ್ಚಿದ ದಾರ ಮಿಡಿದು ಗೆರೆ ಹೊಡೆಯುವಾಗಲೇ ಒತ್ತಕ್ಷರಕ್ಕೆ ಎಷ್ಟು ಜಾಗ ಬಿಡಬೇಕು, ರಸ್ತೆಯ ಆಚೆ ಬದಿಯಿಂದ ಓದಲು ಅಕ್ಷರ ಎಷ್ಟೆತ್ತರ ಇರಬೇಕು, ಪಶ್ಚಿಮಕ್ಕೆ ಮುಖ ಮಾಡಿದ ಬೋರ್ಡಿನ ಕೆಂಪು ಬೇಗ ಮಾಸುತ್ತೆ ಅನ್ನೋದೆಲ್ಲ ಅವನ ಬೆರಳ ತುದಿಯಲ್ಲಿತ್ತು. ಲೇಸರಿನಲ್ಲಿ ಸ್ಟೆನ್ಸಿಲ್ ಕತ್ತರಿಸುವಾಗ ಅನುಸ್ವಾರದ ಸೊನ್ನೆಯ ನಡುವಿನ ಚೂರು ಉದುರಿಹೋಗುತ್ತೆ, ಅಲ್ಲೊಂದು ಪುಟ್ಟ ಸೇತುವೆ ಬಿಡಬೇಕು. ಹೊಸ ಹುಡುಗ ಇದನ್ನು ಹಾಳೆ ಕೆಡಿಸಿ ಕಲೀತಾನೆ. ತಗಡಿನಲ್ಲಿ ಸ್ಟೆನ್ಸಿಲ್ ಕೊರೆದು ಲಾರಿ ನಂಬರ್ ಹಾಕಿದ ಪೇಂಟರಿಗೆ ಇದು ಹಳೇ ಸಂಗತಿ.

ಅವನ ಕೈಬರಹವನ್ನೇ ಯಂತ್ರಕ್ಕೆ ಹತ್ತಿಸಲೂ ಬಹುದು. ಕಾಗದದ ಮೇಲೆ ಬರೆಸಿ, ಫೋಟೋ ತೆಗೆದು, ಗೆರೆಗಳಾಗಿ ಬದಲಾಯಿಸಿದರೆ ವಿನೈಲ್ ಕಟರ್ ಅದನ್ನೇ ಕತ್ತರಿಸುತ್ತೆ. ಹನೀಫ್ ಕುರೇಶಿ ಎಂಬ ಕಲಾವಿದರು ಉತ್ತರದ ಬೀದಿ ಪೇಂಟರುಗಳಿಂದ ಅಕ್ಷರ ಬರೆಸಿ, ಪೇಂಟರುಗಳ ಹೆಸರನ್ನೇ ಇಟ್ಟು ಕಂಪ್ಯೂಟರ್ ಫಾಂಟುಗಳನ್ನು ಮಾಡಿದರು. ಅವರು 2024ರಲ್ಲಿ ತೀರಿಕೊಂಡರು. ಮೈಸೂರು, ನಂಜನಗೂಡು, ಹುಣಸೂರಿನ ಪೇಂಟರುಗಳ ಅಕ್ಷರವನ್ನು ಹಾಗೆ ಉಳಿಸಬೇಕಾದರೆ ಅವರ ಕೈ ನಡುಗುವ ಮುಂಚೆ ಆ ಕೆಲಸ ಆಗಬೇಕು.

ಬೀಗ ತೆಗೆಯಲಿ

ಯಂತ್ರಕ್ಕೆ ದುಡ್ಡಿಲ್ಲ ಅನ್ನೋ ಮಾತು ಬೇಡ. 2022ರ ಜೂನ್‌ನಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ಆಧುನಿಕ ತಂತ್ರಜ್ಞಾನ ಕೇಂದ್ರಗಳಾಗಿ ಮಾಡಿದ್ದನ್ನು ಪ್ರಧಾನಿಯೇ ಬೆಂಗಳೂರಿಗೆ ಬಂದು ಉದ್ಘಾಟಿಸಿದರು. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನ ಉಂಟು. ಎಂಜಿನಿಯರಿಂಗ್ ಕಾಲೇಜುಗಳ ಮಾತು ಬೇರೆ. ಆದರೆ ಸಂಜೆ 5 ಗಂಟೆಗೆ ಇವುಗಳ ಬಾಗಿಲಿಗೆ ಬೀಗ. ದಿನವಿಡೀ ದುಡಿಯುವ ಪೇಂಟರ್, ಬಡಗಿ, ಬೋರ್ಡ್ ಅಂಗಡಿಯ ಹುಡುಗ ಕಲಿಯೋಕೆ ಬಿಡುವಾಗೋದು ಸಂಜೆ 5ರ ಮೇಲೆಯೇ!

ಜಿಲ್ಲಾಡಳಿತ ಮನಸ್ಸು ಮಾಡಿದರೆ ಆಗುವ ಕೆಲಸ ಇದು. ಜಿಲ್ಲೆಯಲ್ಲಿ ಒಂದು ಕಡೆಯಾದರೂ ವಾರದಲ್ಲಿ ಮೂರು ಸಂಜೆ ಬಾಗಿಲು ತೆರೆದಿರಲಿ. ಕನ್ನಡದಲ್ಲೇ ಪಾಠ ಆಗಲಿ. ಲೇಸರಿಗೆ ಹಾಕಬಾರದ ಹಾಳೆಗಳ ಪಟ್ಟಿ ದಪ್ಪ ಕನ್ನಡ ಅಕ್ಷರದಲ್ಲಿ ಯಂತ್ರದ ಮೇಲೆ ಅಂಟಿರಲಿ. ಕಲಿಸಲು ಎಂಜಿನಿಯರ್ ಒಬ್ಬ, ಪೇಂಟರ್ ಒಬ್ಬ ಇರಲಿ, ಪೇಂಟರಿಗೂ ಸಂಬಳ ಸಿಗಲಿ. ಅರಸರ ಕಾಲದಲ್ಲೇ ಕಸುಬು ಕಲಿಸಲು ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ ಊರಿದು, 1937ರಲ್ಲೇ ಅರಗು-ಬಣ್ಣದ ಕಾರ್ಖಾನೆ ಕಂಡ ಊರಿದು. ಇಲ್ಲಿಗೆ ಇದು ದೊಡ್ಡ ಮಾತೇನಲ್ಲ.

ಕಾನೂನು ಕನ್ನಡ ಬೋರ್ಡ್ ಕೇಳಿತು, ಬೋರ್ಡುಗಳು ಬಂದವು. ಇನ್ನು ಆ ಬೋರ್ಡ್ ಮಾಡುವ ಹುಡುಗನ ಕೈಗೆ ಕಸುಬು ಬರಬೇಕು, ಅವನ ಎದೆಗೆ ಹೊಗೆ ಹೋಗಬಾರದು. ಇಷ್ಟನ್ನು ನೋಡಿಕೊಳ್ಳೋದಕ್ಕೆ ಹೊಸ ಕಾನೂನು ಬೇಡ. ಇರುವ ಬಾಗಿಲಿನ ಬೀಗದ ಕೈ ಯಾರ ಹತ್ತಿರ ಇದೆಯೋ ಅವರು ಸಂಜೆ ಸ್ವಲ್ಪ ತಡವಾಗಿ ಮನೆಗೆ ಹೋದರೆ ಸಾಕು.